ತಿರುಗಿಸಿದವನು ದಿಬ್ಬದ ಕೆಳಗೇ ನಿಲ್ಲಬೇಕು

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನ ಹತ್ತಿರ ತರುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಸರ್, ರೇಸ್ ಎಂಜಿನ್ನಿಗೆ ಟೈಮಿಂಗ್ ಎಷ್ಟಕ್ಕೆ ಇಡಬೇಕು?" ಒಂದು ಸಂಖ್ಯೆ ಸಿಗುತ್ತದೆಂದು ಫೋನ್ ಹಿಡಿದು ಕಾಯುತ್ತಾರೆ. ನಾನು "ಯಾರ ಕಿವಿ?" ಎನ್ನುತ್ತೇನೆ. ಮುದುಕನಿಗೆ ಪ್ರಶ್ನೆ ಸರಿಯಾಗಿ ಮುಟ್ಟಲಿಲ್ಲವೆಂದುಕೊಂಡು ಅವರು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಅವರ ಊಹೆ ಪೂರ್ತಿ ತಪ್ಪೂ ಅಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಶಿವಾಜಿನಗರದಲ್ಲಿ ನಾನು ಮೊದಲು ದುಡಿದ ಗ್ಯಾರೇಜಿನ ಗೇಟು ಹಸಿರು ಬಣ್ಣದ್ದು ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಈಚೆಗೆ ಒಂದು ಹಳೆಯ ಫೋಟೋ ಸಿಕ್ಕಿತು. ಅದರಲ್ಲಿ ಗೇಟೇ ಇಲ್ಲ, ಮರದ ಹಲಗೆ ಬಾಗಿಲುಗಳಿವೆ. ಹಾಗಾಗಿ ಇಲ್ಲಿ ಬರುವ ಮಾತುಗಳನ್ನು ಅವರು ಆಡಿದ್ದರು ಎಂದು ಓದಿಕೊಳ್ಳಬೇಡಿ. ಆಡಿದ್ದರೆಂದು ನನಗೆ ಅನ್ನಿಸುತ್ತದೆ ಎಂದು ಓದಿಕೊಳ್ಳಿ. ಕೆಲವನ್ನು ಬೇರೆಯವರ ಹತ್ತಿರ ತಾಳೆ ನೋಡಿದ್ದೇನೆ. ಎಲ್ಲಿ ನೋಡಿದ್ದೇನೆಂಬುದನ್ನೂ ಹೇಳುತ್ತೇನೆ.

ಕೆಲಸ ಏನೆಂದು ಮೊದಲು ಹೇಳಬೇಕು. ಎಂಜಿನ್ನಿನೊಳಗೆ ಪಿಸ್ಟನ್ ಮೇಲೇರುತ್ತ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ದಬ್ಬುತ್ತದೆ. ಉರಿ ಹರಡಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಬೀಳಬೇಕು. ಬಸ್ಸು ಕಣ್ಣಿಗೆ ಬಿದ್ದಮೇಲೆ ಮನೆ ಬಿಟ್ಟರೆ ಬಸ್ಸು ಸಿಗುವುದಿಲ್ಲ. ಎಷ್ಟು ಮುಂಚೆ ಎನ್ನುವುದೇ ಟೈಮಿಂಗ್. ತಡವಾದರೆ ಗಾಡಿ ಸೋಮಾರಿಯಾಗುತ್ತದೆ, ಬಿಸಿಯಾಗುತ್ತದೆ. ತೀರ ಮುಂಚೆಯಾದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಉರಿ ಸುತ್ತಿಗೆಯಂತೆ ಬಡಿಯುತ್ತದೆ. ಇದಕ್ಕೆ ನಾಕಿಂಗ್ ಎನ್ನುತ್ತೇವೆ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಕಡಲೆಕಾಳು ಹಾಕಿ ಅಲ್ಲಾಡಿಸಿದಂಥ ಸದ್ದು. ಮನೆಯ ಕಾರಾದರೆ ಒಂದಷ್ಟು ದಿನ ತಡೆದುಕೊಂಡೀತು. ರೇಸಿಗೆಂದು ಕಟ್ಟಿದ ಎಂಜಿನ್ನಿನಲ್ಲಿ ಮಿಶ್ರಣವನ್ನು ಬಹಳ ಹೆಚ್ಚು ಒತ್ತಿರುತ್ತಾರೆ. ಅಲ್ಲಿ ಪೂರಾ ಶಕ್ತಿಗೂ ತೂತುಬಿದ್ದ ಪಿಸ್ಟನ್ನಿಗೂ ನಡುವೆ ಇರುವುದು ಕೂದಲೆಳೆಯಷ್ಟು ತಿರುವು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಹಿಡಿದು ಹಿಂದಕ್ಕೋ ಮುಂದಕ್ಕೋ ಆ ಎಳೆಯಷ್ಟು ತಿರುಗಿಸಿ ಬೋಲ್ಟ್ ಬಿಗಿಯುವುದು. ಮುಂದಕ್ಕಾದರೆ ಕಿಡಿ ಬೇಗ, ಹಿಂದಕ್ಕಾದರೆ ತಡ. ನನ್ನ ಕಸುಬು ಬಹುಮಟ್ಟಿಗೆ ಇಷ್ಟೇ.

ಬಿ.ಇ. ಮುಗಿಸಿದವನು ಕಾರ್ಖಾನೆ ಬಿಟ್ಟು ಗ್ಯಾರೇಜಿಗೆ ಏಕೆ ಬಂದೆ ಎಂದು ದೊಮ್ಮಲೂರಿನ ನಮ್ಮ ಮನೆಯಲ್ಲಿ ಕೇಳದವರಿಲ್ಲ. ನಾನು ಕೊಟ್ಟ ಉತ್ತರಗಳೂ ಬೇರೆ ಬೇರೆ. ಯಾವುದು ನಿಜವೋ ಈಗ ನನಗೂ ಗೊತ್ತಿಲ್ಲ. ಗ್ಯಾರೇಜಿನ ಮಾಲೀಕರು ಗೌಸ್ ಸಾಹೇಬರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಹಳೆಯ ರೇಸ್ ಕಾರುಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದವು. ಅವರು ಟೈಮಿಂಗ್ ಇಡುತ್ತಿದ್ದುದು ಬರೀ ಕಿವಿಯಿಂದ. ನಾನು ಒಂದು ಟೈಮಿಂಗ್ ಲೈಟ್ ಕೊಂಡು ತಂದೆ. ಪ್ರತಿ ಕಿಡಿಗೂ ಮಿಂಚುವ ದೀಪ ಅದು; ತಿರುಗುವ ಪುಲ್ಲಿಯ ಮೇಲಿನ ಗುರುತು ಅದರ ಬೆಳಕಿನಲ್ಲಿ ನಿಂತಂತೆ ಕಾಣುತ್ತದೆ, ಪಕ್ಕದ ಅಳತೆಪಟ್ಟಿಯಲ್ಲಿ ಎಷ್ಟು ಡಿಗ್ರಿ ಎಂದು ಓದಬಹುದು.

"ಏನ್ ಕಾಲೇಜ್, ಎಂಜಿನ್‌ಗೆ ಜ್ವರ ನೋಡ್ತಿದೀಯಾ?" ಎಂದರು ಸಾಹೇಬರು. ಅಲ್ಲಿ ನನ್ನ ಹೆಸರು ಕಾಲೇಜ್ ಎಂದೇ ಆಗಿಹೋಗಿತ್ತು.

"ಕಿವಿ ಒಬ್ಬೊಬ್ಬರದು ಒಂದೊಂದು ಥರ ಸಾಹೇಬ್ರೇ. ಗುರುತು ಎಲ್ಲರಿಗೂ ಒಂದೇ" ಎಂದೆ.

ಆ ಮಾತು ಆಡಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಕಾರಿಗೆ ಲೈಟ್ ಹಿಡಿದು, ಗುರುತಿಗೆ ಬಿಳಿ ಚಾಕ್ ಬಳಿದು, ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ಸರಿಯಾಗಿ ಇಟ್ಟು ಕಳಿಸಿದೆ. ಕಾರು ಕುದಿಯುತ್ತ ವಾಪಸ್ ಬಂತು. ಮತ್ತೆ ಲೈಟ್ ಹಿಡಿದೆ, ಗುರುತು ಅಲ್ಲೇ ಇತ್ತು. ಸಾಹೇಬರು ಕಿವಿಯಿಟ್ಟು, ನಾಕಿಂಗ್ ಇದೆ ಎಂದು ಇನ್ನಷ್ಟು ಹಿಂದಕ್ಕೆ ತಿರುಗಿಸಿದರು. ಕಾರು ಇನ್ನೂ ಹೆಚ್ಚು ಕುದಿಯಿತು. ಇಬ್ಬರೂ ಅರ್ಧ ದಿನ ಜಗಳವಾಡಿದೆವು. ಕೊನೆಗೆ ಪ್ಲಗ್ ಬಿಚ್ಚಿ, ಪಿಸ್ಟನ್ ನಿಜವಾಗಿ ಯಾವಾಗ ತುದಿ ಮುಟ್ಟುತ್ತದೆಂದು ತೂತಿನಿಂದಲೇ ಅಳೆದು ನೋಡಿದಾಗ ಗೊತ್ತಾಯಿತು. ಆ ಪುಲ್ಲಿ ಎರಡು ಭಾಗದ್ದು, ನಡುವೆ ರಬ್ಬರ್. ರಬ್ಬರ್ ಹಳತಾಗಿ ಗುರುತಿದ್ದ ಹೊರಬಳೆ ಜಾರಿಬಿಟ್ಟಿತ್ತು; ಗುರುತು ಸರಿ ಎಂದಾಗಲೂ ಕಿಡಿ ತಡವಾಗಿಯೇ ಬೀಳುತ್ತಿತ್ತು. ಸಾಹೇಬರಿಗೆ ಕೇಳಿಸಿದ್ದು ನಾಕಿಂಗೂ ಅಲ್ಲ; ಸೈಲೆನ್ಸರಿನ ಮೇಲೆ ಸಡಿಲವಾಗಿದ್ದ ತಗಡು.

"ಗುರುತು ಸುಳ್ಳು ಹೇಳಿಲ್ಲ ಮಿಯಾ, ಜರುಗಿದೆ ಅಷ್ಟೇ" ಎಂದರು ಸಾಹೇಬರು. ಬಹುಶಃ ಎಂದರು. ಈ ವಾಕ್ಯ ನನಗೆ ಎಷ್ಟು ಇಷ್ಟವೆಂದರೆ, ನಾನೇ ಮಾಡಿ ಅವರ ಬಾಯಿಗೆ ಹಾಕಿರಬಹುದೆಂಬ ಅನುಮಾನ ಬಿಟ್ಟಿಲ್ಲ.

ಆ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಲೈಟೋ ಕಿವಿಯೋ, ಹೇಗಾದರೂ ಒಂದು ಅಂದಾಜಿಗೆ ಇಟ್ಟಮೇಲೆ ರೇಸ್ ಕಾರನ್ನು ಭಾನುವಾರ ಬೆಳಿಗ್ಗೆ ಹಲಸೂರು ಕೆರೆಯ ಬದಿಗೆ ಒಯ್ಯಬೇಕು. ಅಲ್ಲಿಂದ ದಂಡಿನ ಕಡೆಗೆ ಏರುವ ರಸ್ತೆಯನ್ನು ನಾವು ದಿಬ್ಬ ಎನ್ನುತ್ತಿದ್ದೆವು. ಮೂರನೇ ಗೇರಿನಲ್ಲಿ ನಿಧಾನ ಹೊರಟು, ಪೂರ್ತಿ ಆಕ್ಸಿಲರೇಟರ್ ಒತ್ತಿ ಹತ್ತಿಸಬೇಕು. ಎಂಜಿನ್ನಿಗೆ ಅದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಬರೀ ಕಿವಿಗೊಟ್ಟು ಕೂರಬೇಕು. ಆದರೆ ಡಿಸ್ಟ್ರಿಬ್ಯೂಟರ್ ತಿರುಗಿಸಿದವನು ಕಾರಿನಲ್ಲಿ ಇರಕೂಡದು. ಅವನು ಸ್ಪ್ಯಾನರ್ ಹಿಡಿದು ಕೆಳಗೆ ಕೆರೆಯ ಹತ್ತಿರ ನಿಲ್ಲಬೇಕು. ಕಾರು ತಿರುಗಿ ಬರುವಾಗ ಕಿಟಕಿಯಿಂದ ಕೈ ಕಾಣುತ್ತದೆ. ಅಂಗೈ ಕೆಳಕ್ಕೆ ಒತ್ತಿದರೆ ಹಿಂದಕ್ಕೆ ತಿರುಗಿಸು, ಬೆರಳು ಮೇಲಕ್ಕಾದರೆ ಮುಂದಕ್ಕೆ, ಮುಷ್ಟಿಯಾದರೆ ಸರಿಯಾಗಿದೆ, ಬಿಗಿ ಮಾಡು.

ನಾನು ಕಾರಣ ಕೇಳಿದ್ದೆ. "ತನ್ ಕೈ ಸಾಲನ್‌ಗೆ ಉಪ್ಪು ಕಮ್ಮಿ ಅಂತ ಯಾರಾದ್ರೂ ಹೇಳ್ತಾರಾ?" ಎಂದಿದ್ದರು ಸಾಹೇಬರು. ಅವರಿಗೂ ಈ ಕಟ್ಟಳೆಯಿಂದ ವಿನಾಯಿತಿ ಇರಲಿಲ್ಲ. ಅವರು ತಿರುಗಿಸಿದ ದಿನ ನಾನು ಕಾರಿನಲ್ಲಿ ಕೂರುತ್ತಿದ್ದೆ. ನಾನು ಅಂಗೈ ಕೆಳಕ್ಕೆ ಒತ್ತಿದರೆ ಅವರು ಬೈಯುತ್ತಲೇ ಹಿಂದಕ್ಕೆ ತಿರುಗಿಸುತ್ತಿದ್ದರು. ಬೈಗುಳಕ್ಕೆ ಮಿತಿಯಿರಲಿಲ್ಲ, ಆದರೆ ತಿರುಗಿಸುವುದನ್ನು ತಪ್ಪಿಸಿದ್ದು ನನಗೆ ನೆನಪಿಲ್ಲ.

ಸಾಹೇಬರು ಹೋದ ಮೇಲೆ ಗ್ಯಾರೇಜ್ ಮರ್ಫಿ ಟೌನಿಗೆ ಬಂತು. ಜೊತೆಗೆ ಬಸವರಾಜ್ ಸೇರಿದರು. ಕಲಬುರಗಿ ಕಡೆಯವರು, ಅಲ್ಲೇ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಮಾಡಿ ಸಂಸಾರ ತಂದಿದ್ದರು. ಎಂಜಿನ್ ಬಿಚ್ಚಿ ಕಟ್ಟುವುದು ಅವರದು, ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ನನ್ನದು. ಕೆಲಸದ ರೀತಿಯೂ ಬದಲಾಯಿತು. ಹೊಸ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಬಡಿತವನ್ನು ಒಂದು ಸೆನ್ಸರ್ ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರ್ ತಾನೇ ಕಿಡಿಯನ್ನು ಹಿಂದೆ ಸರಿಸುತ್ತದೆ. ನಾನೂ ಲ್ಯಾಪ್‌ಟಾಪ್ ಕಲಿತೆ. ಕೆ.ಆರ್. ಪುರದ ಆಚೆ ಒಂದು ಶೆಡ್ಡಿನಲ್ಲಿ, ಕಾರನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೋ ಯಂತ್ರದ ಮುಂದೆ ಎಷ್ಟೋ ದಿನ ಕಳೆದೆ. ನಾನು ಹಳೆಯದನ್ನು ಹಾಡಿಹೊಗಳುವವನಲ್ಲ. ಸೆನ್ಸರಿಗೆ ಬೆಳಿಗ್ಗೆ ತಲೆನೋವು ಇರುವುದಿಲ್ಲ.

ಆದರೂ ಹಳೆಯ ಕಾರು ಓಡಿಸುವವರು ಉಳಿದಿದ್ದರು. ಅವರಿಗಾಗಿ ದಿಬ್ಬವೂ ಉಳಿಯಿತು. ಕಟ್ಟಳೆ ಮಾತ್ರ ಯಾವಾಗ ಬಿಟ್ಟುಹೋಯಿತೋ ಹೇಳಲಾರೆ. ಮೆಟ್ರೋ ಕೆಲಸ, ರಸ್ತೆ ಅಗೆತ, ಭಾನುವಾರವೂ ಟ್ರಾಫಿಕ್. ಇಬ್ಬರು ಹೋಗುವುದೇಕೆಂದು ಬಸವರಾಜ್ ಅಂಗಡಿಯಲ್ಲೇ ಉಳಿಯತೊಡಗಿದರು. ತಿರುಗಿಸುವವನೂ ನಾನೇ, ಪಕ್ಕದ ಸೀಟಿನಲ್ಲಿ ಕೂರುವವನೂ ನಾನೇ ಆದೆ. ಗೇಟಿನ ಬಣ್ಣದಿಂದ ಹಿಡಿದು ಪತ್ರಿಕೆಯ ಹವಾಮಾನದವರೆಗೆ ಎಲ್ಲವನ್ನೂ ಅನುಮಾನಿಸುವ ನನಗೆ ಈ ಬದಲಾವಣೆ ಕಣ್ಣಿಗೇ ಬೀಳಲಿಲ್ಲ.

ಭವಾನಿ ಬಂದದ್ದು ಆ ದಿನಗಳಲ್ಲಿ. ಕೆ.ಆರ್. ಪುರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ದಿನವಿಡೀ ಬೇರೆಯವರ ಪಕ್ಕ ಕೂತು ಬ್ರೇಕ್ ಒತ್ತುವ ಕೆಲಸ. "ಅದರ ಸೇಡು ತೀರಿಸ್ಕೊಳ್ಳೋಕೆ ರ‍್ಯಾಲಿಗೆ ಹೋಗ್ತೀನಿ ಸರ್" ಎನ್ನುತ್ತಿದ್ದಳು. ಅವಳದು ಡಿಸ್ಟ್ರಿಬ್ಯೂಟರ್ ಇದ್ದ ಹಳೆಯ ಕಾರು, ಒಳಗೆ ಹೆಚ್ಚು ಒತ್ತಡದ ಪಿಸ್ಟನ್‌ಗಳು. ಅವನ್ನು ಎರಕ ಹೊಯ್ದು ಕೊಡುತ್ತಿದ್ದವರು ಕೆಲಸ ನಿಲ್ಲಿಸಿದ್ದರು. ಅವಳ ಹತ್ತಿರ ಇದ್ದದ್ದೇ ಕೊನೆಯ ಸೆಟ್ಟು. ಒಂದಕ್ಕೆ ತೂತು ಬಿದ್ದರೂ ಆ ಎಂಜಿನ್ ಮುಗಿದಂತೆ, ಅವಳ ರ‍್ಯಾಲಿಯೂ ಮುಗಿದಂತೆ. ಇದು ನಮ್ಮ ಮೂವರಿಗೂ ಗೊತ್ತಿತ್ತು. ಬಸವರಾಜ್ ಆ ಎಂಜಿನ್ ಕಟ್ಟುವಾಗ ಅಂಗಡಿಯಲ್ಲಿ ರೇಡಿಯೋ ಹಾಕಲೂ ಬಿಟ್ಟಿರಲಿಲ್ಲ.

ಅವಳು ರ‍್ಯಾಲಿಗೆ ಹೊರಡುವುದು ಸೋಮವಾರ. ಭಾನುವಾರ ಬೆಳಿಗ್ಗೆ ಮೂವರೂ ದಿಬ್ಬಕ್ಕೆ ಹೋದೆವು. ಬಸವರಾಜ್ ಸಾಮಾನು ಹೇರಿಕೊಂಡು ತಮ್ಮ ಹಳೆಯ ಕಾರಿನಲ್ಲಿ ಹಿಂದೆ ಬಂದರು. ನಾನು ಟೈಮಿಂಗ್ ಇಟ್ಟೆ, ಭವಾನಿಯ ಪಕ್ಕ ಕೂತೆ. ಮೊದಲ ಸಲ ಹತ್ತಿದಾಗ ಕಾರು ಚೆನ್ನಾಗಿ ಎಳೆಯಿತು. ಸದ್ದಿಲ್ಲ. ಇಳಿದು ಎಳೆಯಷ್ಟು ಮುಂದಕ್ಕೆ ತಿರುಗಿಸಿದೆ. ಮತ್ತೆ ಹತ್ತಿದೆವು. ಇನ್ನೂ ಚುರುಕು, ಆಗಲೂ ಸದ್ದಿಲ್ಲ. ಇನ್ನೊಂದೆಳೆ ಎಂದುಕೊಂಡೆ. ಮೂರನೆಯ ಸಲ ದಿಬ್ಬದ ಅರ್ಧದಲ್ಲಿ ಭವಾನಿ ಆಕ್ಸಿಲರೇಟರಿನಿಂದ ತಟ್ಟನೆ ಕಾಲೆತ್ತಿದಳು.

"ಯಾಕಮ್ಮ? ಚೆನ್ನಾಗಿ ಹೋಗ್ತಿತ್ತಲ್ಲ."

"ಸರ್, ಟಿಣ್ ಟಿಣ್ ಅಂತಿದೆ."

"ಟ್ಯಾಪೆಟ್ ಕಣಮ್ಮ ಅದು."

"ನಿಮಗೆ ಕೇಳಿಸ್ತಾ ಸರ್?"

ನನಗೆ ಏನೂ ಕೇಳಿಸಿರಲಿಲ್ಲ. ಕೇಳಿಸದ ಸದ್ದಿಗೆ ಹೆಸರು ಕೊಟ್ಟಿದ್ದೆ.

"ಟ್ಯಾಪೆಟ್ ಆದ್ರೆ ಕಾಲೆತ್ತಿದ್ರೆ ನಿಲ್ಲುತ್ತಾ ಸರ್? ಇದು ನಿಂತೋಯ್ತು" ಎಂದಳು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವಳು ಕಿಟಕಿಯಿಂದ ತಲೆ ಹಾಕಿ, "ಇರು ಗುರು, ಮದುವೆಗೆ ಹೋಗ್ತಿದೀಯಾ?" ಎಂದು ಗದರಿ, ಕಾರನ್ನು ಮೆಲ್ಲನೆ ಹಿಂದಿರುಗಿಸಿದಳು. ಪ್ರಶ್ನೆ ಸರಿಯಾದದ್ದು. ಟ್ಯಾಪೆಟ್ ಎಂದರೆ ವಾಲ್ವುಗಳನ್ನು ತಳ್ಳುವ ಭಾಗ; ಅದರ ಸದ್ದು ಆಕ್ಸಿಲರೇಟರಿಗೆ ಅಷ್ಟು ವಿಧೇಯವಲ್ಲ. ಕಾಲಿಟ್ಟರೆ ಬಂದು ಕಾಲೆತ್ತಿದರೆ ಹೋಗುವುದು ನಾಕಿಂಗ್.

ಕೆಳಗೆ ಬಂದು ಬಸವರಾಜರನ್ನು ಕೂರಿಸಿ ಇನ್ನೊಮ್ಮೆ ಕಳಿಸಿದೆ. ದಿಬ್ಬದ ಬುಡದಲ್ಲೇ, ಅರ್ಧ ಕಾಲಿಟ್ಟಾಗಲೇ ಅವರು ಕೈಯೆತ್ತಿ ನಿಲ್ಲಿಸಿದರಂತೆ. ಮುಖ ಸಣ್ಣದು ಮಾಡಿಕೊಂಡು ಇಳಿದರು.

"ಸರ್, ಭಾಳ ಬಡೀಲಾಕತ್ತದ್ರಿ. ನಿಮಗ ಕೇಳ್ಸವಲ್ದೇನ್ರಿ?"

ಮೊದಲು ಪ್ಲಗ್‌ಗಳನ್ನು ಬಿಚ್ಚಿದೆವು. ಪಿಸ್ಟನ್ ಕರಗಲು ಶುರುವಾಗಿದ್ದರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯಂಥ ಚುಕ್ಕಿಗಳು ಸಿಡಿದಿರುತ್ತವೆ. ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದಾಗಿ ನೋಡಿದೆವು. ಭವಾನಿ ನೋಡಲಾರೆನೆಂದು ಕೆರೆಯ ಕಡೆ ತಿರುಗಿ ನಿಂತಳು. ಮೂರನೆಯದರಲ್ಲಿ ಏನೋ ಹೊಳೆಯಿತು. ಬಸವರಾಜ್ ಉಗುರಿನಿಂದ ಕೆದಕಿದರು. ಮಸಿಯ ಹೊಳಪು, ಉದುರಿತು. ಉಳಿದದ್ದೆಲ್ಲ ಮೆಣಸಿನ ಪುಡಿಯಂಥ ಕರಿ ಚುಕ್ಕಿ. ಎಚ್ಚರಿಕೆ ಕೊಟ್ಟಿತ್ತು, ಏಟು ಬಿದ್ದಿರಲಿಲ್ಲ.

"ಬಚಾವ್ ಆತು ಬಿಡವ್ವ, ತಿರುಗು ಈಕಡಿ" ಎಂದರು ಬಸವರಾಜ್.

ಅಲ್ಲಿಗೆ ಬಿಡಬಹುದಿತ್ತು. ಒಂದು ದಿನದ ಶೀತ, ಮೂಗು ಕಟ್ಟಿದೆ ಎಂದು ಬಸವರಾಜರೇ ನನಗಾಗಿ ಎರಡು ಕಾರಣ ಹುಡುಕಿ ಇಟ್ಟಿದ್ದರು. ನನಗೆ ಸಮಾಧಾನವಾಗಲಿಲ್ಲ. ಜನರ ಮಾತು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು, ಆಟೋದ ಹಾರ್ನ್ ಕೇಳಿಸಿತ್ತು. ಹಾಗಾದರೆ ಇದೊಂದೇ ಏಕೆ ಕೇಳಿಸಲಿಲ್ಲ? ಎಷ್ಟು ದಿನದಿಂದ? ಪರೀಕ್ಷೆ ಮಾಡೋಣ ಎಂದೆ. ಭವಾನಿಯ ಎಂಜಿನ್ನಿನ ಮೇಲೆ ಅಂಥ ಆಟ ಆಡುವಂತಿರಲಿಲ್ಲ. ಬಸವರಾಜರ ಹಳೆಯ ಕಾರಿನಲ್ಲೂ ಡಿಸ್ಟ್ರಿಬ್ಯೂಟರ್ ಇತ್ತು, ಅದು ಇಂಥವನ್ನೆಲ್ಲ ಕಂಡ ಗಾಡಿ. ನನಗೆ ಹೇಳದೆ ಬಸವರಾಜ್ ಟೈಮಿಂಗನ್ನು ಹೇಗಾದರೂ ಇಡಬೇಕು, ಕೆಳಗೇ ನಿಲ್ಲಬೇಕು. ಭವಾನಿ ತುಟಿ ಪಿಟಕ್ಕೆನ್ನದೆ ಓಡಿಸಬೇಕು. ನಾನು ಕಣ್ಣು ಮುಚ್ಚಿ ಕೂತು, ನಾಕಿಂಗ್ ಕೇಳಿದಾಗ ಮಂಡಿಯ ಮೇಲಿಂದ ಕೈ ಎತ್ತಬೇಕು.

"ಬ್ಯಾಡ್ರಿ ಸರ್, ಇದೆಲ್ಲ ಯಾಕ್ರೀ" ಎಂದರು ಬಸವರಾಜ್.

"ತಿರುಗ್ಸಿ" ಎಂದೆ.

ಮೊದಲ ಸಲ ನಾನು ಕೈ ಎತ್ತಲಿಲ್ಲ. ಎರಡನೆಯ ಸಲ ದಿಬ್ಬದ ನಡುವೆ ಸ್ಪಷ್ಟವಾಗಿ ಕೇಳಿಸಿತು. ಡಬ್ಬಿಯಲ್ಲಿ ಕಡಲೆಕಾಳು, ಅದೇ ಸದ್ದು. ಎಷ್ಟು ಸಂತೋಷವಾಯಿತೆಂದರೆ ಕೈಯನ್ನು ಮಂಡಿಯಿಂದ ಕಾರಿನ ಸೂರಿನವರೆಗೂ ಎತ್ತಿಬಿಟ್ಟೆ.

ಕೆಳಗೆ ಬಂದಾಗ ಬಸವರಾಜ್ ಭವಾನಿಯ ಮುಖ ನೋಡಿದರು, ಅವಳು ಅವರ ಮುಖ ನೋಡಿದಳು.

"ನಂಗೆ ಎರಡನೇ ಸಲ ಕೇಳಿಸ್ತು. ಹೇಳಿ" ಎಂದೆ.

"ಮೊದಲ್ನೇ ಸಲ ಜೋರಾಗೇ ಬಡೀತಿತ್ತು ಸರ್" ಎಂದಳು ಭವಾನಿ. ಬಸವರಾಜ್ ಬಾನೆಟ್ಟಿನ ಮೇಲೆ ಕಣ್ಣಿಟ್ಟು ಹೇಳಿದರು: "ಎರಡನೇದಕ್ಕ ಪೂರಾ ಹಿಂದಕ್ಕ ಹಾಕಿದ್ದೆರಿ. ಅಲ್ಲಿ ಬಡಿಯೂದು ಸಾಧ್ಯನೇ ಇಲ್ರಿ."

ಕಿವಿಯಲ್ಲಿ ಕೀರಲು ಸದ್ದು ಹಿಡಿಯುವ ಭಾಗ ಮೊದಲು ಸವೆಯುತ್ತದೆ, ಗ್ಯಾರೇಜಿನಲ್ಲಿ ಬಾಳಿದವರಿಗೆ ಇನ್ನೂ ಬೇಗ, ಮಾತು ಕೇಳಿಸುತ್ತಿರುವುದರಿಂದ ನಮಗೆ ಗೊತ್ತಾಗುವುದಿಲ್ಲ ಎಂದು ಆಮೇಲೆ ವೈದ್ಯರು ವಿವರಿಸಿದರು. ಅದು ನನಗೆ ಅರ್ಥವಾಯಿತು. ಸವೆತ ಎಲ್ಲ ಲೋಹಕ್ಕೂ ಇದೆ. ನನ್ನನ್ನು ಇವತ್ತಿಗೂ ಕಾಡುವುದು ಕೇಳಿಸದ ಮೊದಲ ಸಲವಲ್ಲ, ಕೇಳಿಸಿದ ಎರಡನೆಯ ಸಲ. ಆ ಸದ್ದು ಎಲ್ಲಿಂದ ಬಂತು? ಇಷ್ಟು ವರ್ಷ ಕೂಡಿಟ್ಟ ಸದ್ದನ್ನು, ನನಗೆ ಬೇಕಾದ ಜಾಗದಲ್ಲಿ, ನೆನಪು ತಾನೇ ನುಡಿಸಿತು. ನಿಜದ್ದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಗಾದರೆ ಸಾಹೇಬರ ಮಾತುಗಳು, ಹಸಿರು ಗೇಟು, ನಾನು ಹೇಳುತ್ತ ಬಂದದ್ದೆಲ್ಲ ಯಾವ ಸಲದ್ದು, ಮೊದಲನೆಯದೋ ಎರಡನೆಯದೋ?

ಈ ಪುಟಗಳನ್ನು ಬರೆದ ಮೇಲೆ ಇಬ್ಬರಿಗೂ ಓದಿಹೇಳಿದೆ. ಪರೀಕ್ಷೆ ಎರಡು ಸಲವಲ್ಲ, ಮೂರು ಸಲ ನಡೆಯಿತು, ಮೂರನೆಯದರಲ್ಲಿ ನಾನು ಸರಿಯಾಗಿಯೇ ಕೈ ಎತ್ತಿದೆ ಎಂದರು ಬಸವರಾಜ್. ಭವಾನಿ ಅವರನ್ನು ನೋಡಿ, "ಬಸಣ್ಣ, ಸುಮ್ನಿರಿ" ಎಂದಳು. ಎರಡು ಸಲ ಎಂದೇ ಉಳಿಸಿಕೊಂಡಿದ್ದೇನೆ.

ಆ ಭಾನುವಾರಕ್ಕೆ ಮರಳುತ್ತೇನೆ. ಭವಾನಿ ಮರುದಿನ ಹೊರಡಬೇಕಿತ್ತು, ಕಾರಿಗೆ ಟೈಮಿಂಗ್ ಇನ್ನೂ ಆಗಿರಲಿಲ್ಲ. ನಾನು ಸ್ಪ್ಯಾನರನ್ನು ಬಸವರಾಜರ ಕೈಗೆ ಕೊಡಲು ಹೋದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ನಾ ತಿರುಗ್ಸಿದ್ರ ಕೇಳೂರು ಯಾರ್ರೀ?" ಎಂದರು.

ಕೇಳುವ ಕಿವಿ ಅಲ್ಲಿ ಎರಡೇ ಜೊತೆ ಉಳಿದಿದ್ದವು. ಒಂದಕ್ಕೆ ಸ್ಟಿಯರಿಂಗ್ ನೋಡಿಕೊಳ್ಳುವ ಕೆಲಸವಿತ್ತು. ನನ್ನ ಬೆರಳುಗಳಿಗೆ ಏನೂ ಆಗಿರಲಿಲ್ಲ. ಲೈಟ್ ಹಿಡಿದು, ಅಳತೆಪಟ್ಟಿ ನೋಡಿ, ಧಾರಾಳವಾಗಿ ಹಿಂದಕ್ಕೆ ತಂದಿಟ್ಟೆ. ಬಸವರಾಜ್ ನನ್ನ ಸೀಟಿನಲ್ಲಿ ಕೂತರು. ಕಾರು ಹೊರಟಿತು. ನಾನು ಎಳನೀರಿನವನ ಗಾಡಿಯ ಪಕ್ಕ ನಿಂತೆ.

ಮೊದಲ ಸಲ ಕಿಟಕಿಯಿಂದ ಬೆರಳು ಮೇಲಕ್ಕಾಯಿತು. ಮುಂದಕ್ಕೆ ತಿರುಗಿಸಿದೆ. ಮತ್ತೆ ಬೆರಳು. ಮತ್ತೆ ಒಂದೆಳೆ ಮುಂದಕ್ಕೆ. ಆಮೇಲೆ ಅಂಗೈ, ಕೆಳಕ್ಕೆ, ತೀರ ಸ್ವಲ್ಪ. ಹಿಂದಕ್ಕೆ ತಂದೆ. ಕಾರು ಮೇಲೆ ಹೋಗಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಮೇಲೆ ಏನಾಗುತ್ತಿದೆ ಎಂದು ನನಗೆ ತಿಳಿಯುವಂತಿರಲಿಲ್ಲ. ಶಿವಾಜಿನಗರದ ದಿನಗಳಲ್ಲಿ ಹೀಗೆ ನಿಂತಾಗ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅವತ್ತು ಸುಮ್ಮನೆ ಕಾದೆ. ತಿಳಿಯಬೇಕಾದದ್ದನ್ನು ಇನ್ನೊಬ್ಬರು ತರುತ್ತಿದ್ದರು.

ಕೊನೆಯ ಸಲ ಕಾರು ತಿರುವು ದಾಟಿ ಇಳಿಯಿತು. ಕಿಟಕಿಯಿಂದ ಬಸವರಾಜರ ಇಡೀ ತೋಳು ಹೊರಗಿತ್ತು, ತುದಿಯಲ್ಲಿ ಮುಷ್ಟಿ. ಈ ಒಂದನ್ನು ನಾನು ಅನುಮಾನಿಸುವುದಿಲ್ಲ, ಏಕೆಂದರೆ ನೋಡಿದವನು ನಾನೊಬ್ಬನೇ ಅಲ್ಲ. ಎಳನೀರಿನವನು ಮಚ್ಚು ಕೆಳಗಿಟ್ಟು ಕಣ್ಣರಳಿಸಿದ.

"ಯಾರಿಗೆ ಸಾರ್, ಆಯಪ್ಪ ಗುದ್ದು ತೋರಿಸ್ತಾ ಇರೋದು?"

"ನಂಗೇ ಕಣಯ್ಯ" ಎಂದೆ. ಕಾರು ಬಂದು ನಿಂತಿತು. ಬಾನೆಟ್ ಎತ್ತಿ ಬೋಲ್ಟ್ ಬಿಗಿ ಮಾಡಿದೆ.